ಎಐ ಮತ್ತು ನಮ್ಮ ಕೌಶಲ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈಯ ಫೋರ್ಟ್‌ನ ಒಂದು ಸಿಎ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ಡೊಂಬಿವಲಿಯಲ್ಲಿ ಕಾಮರ್ಸ್ ಓದುವ ನಮ್ಮವರ ಮಕ್ಕಳಿಗೆ ಅಕೌಂಟ್ಸ್ ಹೇಳಿಕೊಡುತ್ತೇನೆ. ಈಗೀಗ ಪಾಠ ಮುಗಿದ ಮೇಲೆ ಡೆಬಿಟ್, ಕ್ರೆಡಿಟ್ ಬಗ್ಗೆ ಪ್ರಶ್ನೆ ಕಡಿಮೆ, ಎಐ ಬಗ್ಗೆ ಜಾಸ್ತಿ. ಮಕ್ಕಳನ್ನು ಕರೆದೊಯ್ಯಲು ಬರುವ ಅಮ್ಮಂದಿರು ಕೇಳುತ್ತಾರೆ. ಲೆಕ್ಕದ ಕೆಲಸಕ್ಕೆ ಬರುವ ಹೋಟೆಲ್ ಮಾಲೀಕರು ಕೇಳುತ್ತಾರೆ. ಪುಣೆ, ಗೋವಾದಲ್ಲಿರುವ ಬಂಧುಗಳು ಮೆಸೇಜ್ ಮಾಡುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲಿಗೆ ಎಲ್ಲರೂ ಕೇಳುವುದು

ಎಐ ಬಳಸಿದರೆ ಬುದ್ಧಿ ಮಂಕಾಗುತ್ತದಂತೆ, ಹೌದಾ?

ಈ ಮಾತು ಇಷ್ಟು ಹರಡಲು ಮುಖ್ಯ ಕಾರಣ 2025ರ ಜೂನ್‌ನಲ್ಲಿ ಹೊರಬಂದ ಎಂಐಟಿ ಮೀಡಿಯಾ ಲ್ಯಾಬ್‌ನ ಅಧ್ಯಯನ. 54 ಜನರನ್ನು ಮೂರು ಗುಂಪು ಮಾಡಿ ಪ್ರಬಂಧ ಬರೆಸಿದರು. ಒಂದು ಗುಂಪಿಗೆ ಚಾಟ್‌ಜಿಪಿಟಿ, ಇನ್ನೊಂದಕ್ಕೆ ಗೂಗಲ್ ಹುಡುಕಾಟ, ಮೂರನೆಯದಕ್ಕೆ ಏನೂ ಇಲ್ಲ. ಬರೆಯುವಾಗ ಇಇಜಿ ಹಾಕಿ ಮೆದುಳಿನ ಚಟುವಟಿಕೆ ಅಳೆದರು. ಮೆದುಳಿನ ಭಾಗಗಳ ನಡುವಿನ ಸಂಪರ್ಕ ಚಾಟ್‌ಜಿಪಿಟಿ ಗುಂಪಿನಲ್ಲಿ ಎಲ್ಲಕ್ಕಿಂತ ಕಡಿಮೆ ಕಂಡಿತು. ಆಗಷ್ಟೇ ಬರೆದ ಪ್ರಬಂಧದಿಂದ ಒಂದು ವಾಕ್ಯ ಹೇಳಿ ಎಂದರೆ ಆ ಗುಂಪಿನ ಬಹುತೇಕರಿಗೆ ಸರಿಯಾಗಿ ಹೇಳಲು ಆಗಲಿಲ್ಲ.

ಆದರೆ ಇದು ಸಣ್ಣ ಅಧ್ಯಯನ. ಬೇರೆ ತಜ್ಞರು ಪರಿಶೀಲಿಸುವ ಮೊದಲೇ ಸುದ್ದಿಯಾಯಿತು. 'ಬುದ್ಧಿ ಮಂಕಾಯಿತು' ಎಂಬಂಥ ಪದ ಬಳಸಬೇಡಿ ಎಂದು ಸಂಶೋಧಕರೇ ಕೇಳಿಕೊಂಡಿದ್ದಾರೆ. ಅದರಿಂದ ನಾವು ತಿಳಿಯಬಹುದಾದ್ದು ಇಷ್ಟೇ: ತಲೆ ಓಡಿಸದೆ ಮುಗಿಸಿದ ಕೆಲಸ ತಲೆಯಲ್ಲಿ ಉಳಿಯುವುದಿಲ್ಲ. ಕಲಿಯಬೇಕಾದ ವಯಸ್ಸಿನವರಿಗೆ ಇದು ದೊಡ್ಡ ವಿಷಯ. ಕ್ಯಾಟರಿಂಗ್‌ನವರಿಗೆ ಒಂದು ಇಮೇಲ್ ಬರೆಸಿಕೊಳ್ಳುವವರಿಗೆ ಅಷ್ಟೇನೂ ಅಲ್ಲ.

ಕ್ಯಾಲ್ಕುಲೇಟರ್ ಬಂದಾಗಲೂ ಹೀಗೇ ಹೆದರಿಸಿದ್ದರಲ್ವಾ? ಈಗ ಹೊಸದೇನು?

ಹೆದರಿಸಿದ್ದು ನಿಜ. ಆ ಹೆದರಿಕೆ ಪೂರ್ತಿ ಸುಳ್ಳೂ ಆಗಲಿಲ್ಲ. ಬಾಯಿಲೆಕ್ಕ ಕಡಿಮೆಯಾಗಿದೆ. ಆದರೂ ಲೋಕ ಮುಳುಗಲಿಲ್ಲ, ಯಾಕೆಂದರೆ ಕ್ಯಾಲ್ಕುಲೇಟರ್ ಮಾಡುವ ಕೆಲಸ ತೀರಾ ಸೀಮಿತ. ಯಾವುದನ್ನು ಯಾವುದರಿಂದ ಗುಣಿಸಬೇಕು ಎಂದು ನಾವೇ ಹೇಳಬೇಕು. ಅದು ಕೊಡುವ ಉತ್ತರ ಯಾವತ್ತೂ ಒಂದೇ.

1979ರಲ್ಲಿ ಪರ್ಸನಲ್ ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಎಂಬ ಮೊದಲ ಸ್ಪ್ರೆಡ್‌ಶೀಟ್ ಬಂದಾಗ ಅಕೌಂಟೆಂಟರ ಕಥೆ ಮುಗಿಯಿತು ಎಂದುಕೊಂಡವರಿದ್ದರು. ಮುಗಿಯಲಿಲ್ಲ. ಕೂಡುವ ಕೆಲಸ ಹೋಯಿತು, ಏನನ್ನು ಕೂಡಬೇಕು ಎಂದು ಯೋಚಿಸುವ ಕೆಲಸ ಉಳಿಯಿತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ಉಳಿದ ಕೆಲಸಕ್ಕೇ ಯಂತ್ರ ಕೈ ಹಾಕಿದೆ. ಸಮಸ್ಯೆ ಬಿಡಿಸುವುದು, ವಾದ ಕಟ್ಟುವುದು, ಪತ್ರದ ಧಾಟಿ ಹಿಡಿಯುವುದು ಎಲ್ಲ ಅದು ಮಾಡುತ್ತದೆ. ಮೇಲಾಗಿ ಉತ್ತರ ತಪ್ಪಿದ್ದಾಗಲೂ ಅದೇ ಧೈರ್ಯದಲ್ಲಿ ಹೇಳುತ್ತದೆ. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟರು. 5,000 ಡಾಲರ್ ದಂಡ ಬಿತ್ತು. ಕ್ಯಾಲ್ಕುಲೇಟರ್ ಯಾರನ್ನೂ ಹೀಗೆ ಸಿಕ್ಕಿಸಿಲ್ಲ.

ನೀವು ಬಳಸುತ್ತೀರಾ, ಇಲ್ವಾ?

ಬಳಸುತ್ತೇನೆ. ಉದ್ದದ ನೋಟಿಸ್ ಬಂದರೆ ನಾನೊಮ್ಮೆ ಪೂರ್ತಿ ಓದಿ ಆಮೇಲೆ ಸಾರಾಂಶ ಕೇಳುತ್ತೇನೆ, ನನ್ನ ಕಣ್ಣಿಗೆ ತಪ್ಪಿದ್ದು ಏನಾದರೂ ಇದೆಯಾ ಎಂದು ನೋಡಲು. ಎಕ್ಸೆಲ್‌ನ ಉದ್ದನೆಯ ಫಾರ್ಮುಲಾ ಬರೆಸಿಕೊಳ್ಳುತ್ತೇನೆ. ನೋಟಿಸಿಗೆ ಉತ್ತರವನ್ನು ಮಾತ್ರ ಮೊದಲು ನಾನೇ ಬರೆಯುತ್ತೇನೆ.

## ಮನೆ, ಮಕ್ಕಳು, ಶಾಲೆ

ಅಕ್ಕ, ಮಗ ಎಂಟನೇ ಕ್ಲಾಸ್. ಹೋಮ್‌ವರ್ಕ್ ಎಲ್ಲ ಫೋನಿಗೆ ಕೇಳಿ ಬರೆಯುತ್ತಾನೆ. ಫೋನ್ ಕಿತ್ತಿಟ್ಟುಕೊಳ್ಳಲಾ?

ಕಿತ್ತಿಟ್ಟುಕೊಂಡರೆ ಪಕ್ಕದ ಮನೆಯ ಗೆಳೆಯನ ಫೋನಿನಲ್ಲಿ ಕೇಳುತ್ತಾನೆ. ಹೇಗೆ ಕೇಳುತ್ತಾನೆ ಎಂಬುದನ್ನು ಬದಲಿಸಿದರೆ ಉಪಯೋಗ ಜಾಸ್ತಿ. ಇದಕ್ಕೆ ಒಳ್ಳೆಯ ಆಧಾರವೂ ಇದೆ.

ಟರ್ಕಿಯಲ್ಲಿ ಸುಮಾರು ಸಾವಿರ ಹೈಸ್ಕೂಲ್ ಮಕ್ಕಳ ಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಗಣಿತದ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಸಾಮಾನ್ಯ ಚಾಟ್‌ಬಾಟ್. ಕೆಲವರಿಗೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ಸಹಾಯದಿಂದ ತಯಾರಿಸಿದ ಚಾಟ್‌ಬಾಟ್. ಉಳಿದವರಿಗೆ ಪುಸ್ತಕ ಮಾತ್ರ. ಅಭ್ಯಾಸ ಮಾಡುವಾಗ ಮೊದಲ ಗುಂಪು ಪುಸ್ತಕದವರಿಗಿಂತ 48% ಚೆನ್ನಾಗಿ ಮಾಡಿತು, ಸುಳಿವಿನ ಗುಂಪು 127%. ಆಮೇಲೆ ಎಲ್ಲರಿಂದಲೂ ಎಐ ವಾಪಸ್ ಪಡೆದು ಪರೀಕ್ಷೆ ಕೊಟ್ಟರು. ಸಾಮಾನ್ಯ ಚಾಟ್‌ಬಾಟ್ ಬಳಸಿದವರು ಪುಸ್ತಕದ ಗುಂಪಿಗಿಂತ 17% ಕೆಳಗೆ ಬಿದ್ದರು. ಸುಳಿವಿನ ಗುಂಪಿಗೆ ಆ ಹಾನಿ ಹೆಚ್ಚುಕಡಿಮೆ ಆಗಲೇ ಇಲ್ಲ. ಕೆಳಗೆ ಬಿದ್ದ ಮಕ್ಕಳಿಗೆ ತಾವು ಕಡಿಮೆ ಕಲಿತಿದ್ದೇವೆ ಎಂಬ ಅರಿವೇ ಇರಲಿಲ್ಲ. ನನಗೆ ಎಲ್ಲಕ್ಕಿಂತ ಆತಂಕ ತರುವುದು ಇದೇ. ಹೋಮ್‌ವರ್ಕ್ ಪುಸ್ತಕ ತುಂಬಿರುತ್ತದೆ, ಟಿಕ್ ಬಿದ್ದಿರುತ್ತದೆ, ಅಮ್ಮನಿಗೂ ಖುಷಿ. ಗೊತ್ತಾಗುವುದು ಪರೀಕ್ಷೆಯ ದಿನ.

ಹಾಗಾಗಿ ಮನೆಯಲ್ಲಿ ಹೀಗೆ ಮಾಡಿ ನೋಡಿ. ಮೊದಲು ಅವನೇ ಬಿಡಿಸಲಿ, ತಪ್ಪಾದರೂ ಸರಿ, ಅರ್ಧಕ್ಕೆ ನಿಂತರೂ ಸರಿ. ನಿಂತಲ್ಲಿ ಫೋಟೋ ತೆಗೆದು, 'ಉತ್ತರ ಹೇಳಬೇಡ, ನಾನು ಎಲ್ಲಿ ಎಡವಿದೆ ಅಂತ ಮಾತ್ರ ಹೇಳು' ಎಂದು ಕೇಳಲಿ. ಆಮೇಲೆ ಫೋನ್ ಬದಿಗಿಟ್ಟು ಅದೇ ಥರದ ಇನ್ನೊಂದು ಲೆಕ್ಕ ಮಾಡಲಿ. ಈ ಕೊನೆಯದನ್ನು ಯಾವ ಮಗುವೂ ತಾನಾಗಿ ಮಾಡುವುದಿಲ್ಲ, ದೊಡ್ಡವರು ಪಕ್ಕದಲ್ಲಿ ಕೂರಬೇಕು. ಲೆಕ್ಕ ನಿಮಗೆ ಬರದಿದ್ದರೂ ಪರವಾಗಿಲ್ಲ, 'ಹೇಗೆ ಮಾಡಿದೆ, ನನಗೆ ಹೇಳು' ಎಂದರೆ ಸಾಕು. ಹೇಳುತ್ತಾ ಹೋದಂತೆ ಎಲ್ಲಿ ತಡವರಿಸುತ್ತಾನೋ ಅಲ್ಲಿ ಅವನಿಗೆ ಬಂದಿಲ್ಲ ಎಂದರ್ಥ.

ಮಗ್ಗಿ ಬಾಯಿಪಾಠ ಇನ್ನೂ ಬೇಕಾ?

ಬೇಕು. ಇಪ್ಪತ್ತರವರೆಗೆ ಬಂದರೆ ಒಳ್ಳೆಯದು.

ಆದರೆ ಮಗ್ಗಿ ಬಂದರೆ ಲೆಕ್ಕ ಬಂತು ಎಂದುಕೊಳ್ಳಬೇಡಿ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬರೆದವರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಇದ್ದರು. ಕೋಲ್ಕತ್ತಾ ಮತ್ತು ದೆಹಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅವರು ನೋಡಿದರು. ಆ ಮಕ್ಕಳು ತರಕಾರಿಯ ಲೆಕ್ಕವನ್ನು ಬಾಯಲ್ಲೇ ಸರಿಯಾಗಿ ಹೇಳುತ್ತಿದ್ದರು, ಪುಸ್ತಕದ ಸರಳ ಭಾಗಾಕಾರ ಕೊಟ್ಟರೆ ನಿಂತುಬಿಡುತ್ತಿದ್ದರು. ಶಾಲೆಯ ಮಕ್ಕಳದು ತದ್ವಿರುದ್ಧ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಹರಿದು ಬರುವುದಿಲ್ಲ. 'ಎಐ ಬಳಸಿದರೆ ಒಂದು ಕೌಶಲ ಹೋದರೂ ಇನ್ನೊಂದು ಬರುತ್ತೆ ಬಿಡಿ' ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಬರಬೇಕಾದ್ದನ್ನು ಬೇರೆಯಾಗಿಯೇ ಕಲಿಸಬೇಕು. ಹಳೆಯ ಉಡುಪಿ ಹೋಟೆಲುಗಳಲ್ಲಿ ಸಪ್ಲೈಯರ್ ನಾಲ್ಕು ಟೇಬಲ್‌ನ ಲೆಕ್ಕ ನೆನಪಿಟ್ಟು ಗಲ್ಲಾದ ಕಡೆ ಕೂಗುತ್ತಿದ್ದ. ಅದು ಅವನಿಗೆ ದಿನಾ ಮಾಡಿ ಮಾಡಿ ಬಂದದ್ದು.

ಮಗಳಿಗೆ ಕನ್ನಡ ಮಾತಾಡಲು ಬರುತ್ತೆ, ಓದಲು ಬರಲ್ಲ. ಈಗ ಫೋನೇ ಓದಿ ಹೇಳುತ್ತಲ್ಲ, ಅಕ್ಷರ ಕಲಿಸಲೇಬೇಕಾ?

ಈ ಪ್ರಶ್ನೆ ಕೇಳಿದಾಗೆಲ್ಲ ಸಂಕಟವಾಗುತ್ತದೆ. ಈ ಊರಿನಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತರು. ಅವರಲ್ಲಿ ಎಷ್ಟೋ ಮಂದಿ ಬ್ಯಾಂಕು, ಕೋರ್ಟು, ಕಾಲೇಜು ಸೇರಿದರು. ಅವರ ಮೊಮ್ಮಕ್ಕಳಿಗೆ ಈಗ ಇಂಗ್ಲಿಷ್ ಬರುತ್ತದೆ, ಮರಾಠಿ, ಹಿಂದಿ ಬರುತ್ತದೆ, ಕನ್ನಡದ ಬೋರ್ಡು ಓದಲು ಬರುವುದಿಲ್ಲ.

ಫೋನಿಗೆ ಓದಲು ಬರುತ್ತದೆ, ಒಪ್ಪುತ್ತೇನೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಕೇಂದ್ರ ಸರ್ಕಾರದ ಅನುವಾದ ಸೇವೆ ಭಾಷಿಣಿ 2022ರಲ್ಲಿ ಬಂತು. ಗೂಗಲ್‌ನ ಜೆಮಿನಿಯಂಥ ಎಐಗಳು ಕನ್ನಡದಲ್ಲೇ ಮಾತಾಡುತ್ತವೆ. ಅಜ್ಜಿಯ ಪತ್ರದಲ್ಲಿ ಏನಿದೆ ಎಂದು ತಿಳಿಯಲು ಇದು ಸಾಕು. ಆದರೆ ಓದಲು ಬಾರದ ಮಗು ಕನ್ನಡದ ಪುಸ್ತಕವನ್ನು ತಾನಾಗಿ ಕೈಗೆತ್ತಿಕೊಳ್ಳುವುದಿಲ್ಲ. ಫೋನಿಗೆ ತೋರಿಸುವಷ್ಟು ಅಗತ್ಯ ಬಿದ್ದರೆ ಮಾತ್ರ ತೋರಿಸುತ್ತದೆ, ಇಲ್ಲದಿದ್ದರೆ ಇಲ್ಲ.

ಮಹಾರಾಷ್ಟ್ರದಲ್ಲಿ ಬೆಳೆಯುವ ಮಕ್ಕಳಿಗೆ ಒಂದು ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ. ಶಾಲೆಯಲ್ಲಿ ಮರಾಠಿ ಓದುವ ಮಗುವಿಗೆ ನಮ್ಮ ವರ್ಣಮಾಲೆಯ ಕ್ರಮ ಆಗಲೇ ಗೊತ್ತು. ಕ ಖ ಗ ಘ ಎರಡರಲ್ಲೂ ಒಂದೇ ಸಾಲು. ಳ ಕೂಡ ಮರಾಠಿಯಲ್ಲಿ ಇದೆ. ಹೊಸದಾಗಿ ಕಲಿಯಬೇಕಾದ್ದು ಅಕ್ಷರದ ಆಕಾರ, ಒತ್ತಕ್ಷರ, ಜೊತೆಗೆ ಹ್ರಸ್ವ ಎ ಮತ್ತು ಒ. ಇಲ್ಲಿ ಎಐ ನಿಜಕ್ಕೂ ಒಳ್ಳೆಯ ಕೆಲಸ ಮಾಡುತ್ತದೆ. ಮಗಳು ಮನೆಯಲ್ಲಿ ಆಡುವ ಮಾತನ್ನೇ ಐದಾರು ವಾಕ್ಯ ಮಾಡಿ, ಮೇಲೆ ಕನ್ನಡ ಲಿಪಿ, ಕೆಳಗೆ ದೇವನಾಗರಿ ಹಾಕಿಕೊಡು ಎಂದು ಕೇಳಿ. ಕೆಳಗಿನ ಸಾಲನ್ನು ಕೈಯಿಂದ ಮುಚ್ಚಿ ಮೇಲಿನದನ್ನು ಮೊದಲು ಓದಿಸಿ. ಆಗದಿದ್ದರೆ ಕೈ ತೆಗೆಯಿರಿ. ದಿನಕ್ಕೆ ಹತ್ತು ನಿಮಿಷ ಸಾಕು.

## ಕೆಲಸ ಕಲಿಯುತ್ತಿರುವವರು

ಮೇಡಂ, ನಾನು ಆರ್ಟಿಕಲ್‌ಶಿಪ್ (ಸಿಎ ಆಗಲು ಬೇಕಾದ ಕಚೇರಿ ತರಬೇತಿ) ಮಾಡುತ್ತಿದ್ದೇನೆ. ಬ್ಯಾಂಕ್ ರಿಕನ್ಸಿಲಿಯೇಶನ್ ಎಲ್ಲ ಸಾಫ್ಟ್‌ವೇರೇ ಮಾಡುತ್ತೆ. ಕೈಯಲ್ಲಿ ಯಾಕೆ ಕಲಿಯಬೇಕು?

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಬೇರೆ ಕೆಲಸಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ರಿಕನ್ಸಿಲಿಯೇಶನ್ ಎಂದರೆ ಬ್ಯಾಂಕಿನ ಲೆಕ್ಕ, ನಮ್ಮ ಪುಸ್ತಕದ ಲೆಕ್ಕ ಎರಡನ್ನೂ ತಾಳೆ ನೋಡುವುದು. ಸಾಫ್ಟ್‌ವೇರ್ ಬ್ಯಾಂಕ್ ಸ್ಟೇಟ್‌ಮೆಂಟನ್ನೂ, ಲೆಕ್ಕ ಬರೆಯುವ ಟ್ಯಾಲಿಯ ಲೆಡ್ಜರನ್ನೂ ಇಟ್ಟುಕೊಂಡು ಬಹುಪಾಲು ಎಂಟ್ರಿ ತಾನೇ ಹೊಂದಿಸುತ್ತದೆ. ಹೊಂದದೆ ಉಳಿದದ್ದು ನಿಮ್ಮ ಮುಂದೆ ಬರುತ್ತದೆ. ಉಳಿಯುವುದು ಯಾವಾಗಲೂ ಕಷ್ಟದವೇ. ಕೊಟ್ಟ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲ. ಕಾರ್ಡ್ ಮಷಿನ್‌ನ ಹಣ ಶುಲ್ಕ ಕಳೆದು ಮರುದಿನ ಒಟ್ಟಿಗೆ ಬಂದಿದೆ. ಯಾರೋ ಒಂದು ಮೊತ್ತ ತಪ್ಪು ಹಾಕಿದ್ದಾರೆ.

ಈಗ ಎರಡು ಕಡೆಯ ಮೊತ್ತಕ್ಕೆ 180 ರೂಪಾಯಿ ವ್ಯತ್ಯಾಸ ಬಂತು ಎಂದುಕೊಳ್ಳಿ. ಕೈಯಲ್ಲಿ ಲೆಕ್ಕ ಬರೆದು ಪಳಗಿದವರು ಮೊದಲು ನೋಡುವುದು ಅದು 9ರಿಂದ ಭಾಗವಾಗುತ್ತದಾ ಎಂದು. 180 ಆಗುತ್ತದೆ. ಹಾಗಾದರೆ ಯಾರೋ ಅಂಕಿ ಅದಲುಬದಲು ಮಾಡಿರುವ ಸಾಧ್ಯತೆ ಜಾಸ್ತಿ. 8,640 ಬರೆಯುವ ಕಡೆ 8,460 ಬರೆದರೆ ವ್ಯತ್ಯಾಸ ಸರಿಯಾಗಿ 180. ಅಕ್ಕಪಕ್ಕದ ಎರಡು ಅಂಕಿ ಜಾಗ ಬದಲಿಸಿದರೆ ವ್ಯತ್ಯಾಸ ಯಾವತ್ತೂ 9ರ ಗುಣಕವೇ. 9ರಿಂದ ಭಾಗವಾಗದಿದ್ದರೆ ಎರಡರಿಂದ ಭಾಗಿಸಿ ನೋಡುತ್ತಾರೆ. ವ್ಯತ್ಯಾಸ 6,500 ಇದ್ದರೆ 3,250ರ ಎಂಟ್ರಿ ಹುಡುಕುತ್ತಾರೆ, ಡೆಬಿಟ್ ಬದಲು ಕ್ರೆಡಿಟ್‌ಗೆ ಹೋಗಿರಬಹುದು ಎಂದು. ಇದು ಪುಸ್ತಕದಲ್ಲೂ ಇದೆ, ಎಐ ಕೂಡ ಹೇಳುತ್ತದೆ. ಆದರೆ 180 ಕಂಡ ಕೂಡಲೇ ನೆನಪಾಗಬೇಕಾದರೆ ಹತ್ತಾರು ಸಲ ಹುಡುಕಿ ಬೇಸತ್ತಿರಬೇಕು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೈಯಲ್ಲಿ ಸಾಲು ಸಾಲಾಗಿ ಟಿಕ್ ಹಾಕುತ್ತಾ ಹೋದಾಗ ಆ ವ್ಯಾಪಾರವೇ ನಿಮಗೆ ಅರ್ಥವಾಗುತ್ತದೆ. ಈ ಹೋಟೆಲಿನವರು ಹಾಲಿನವನಿಗೆ ವಾರಕ್ಕೊಮ್ಮೆ ಕೊಡುತ್ತಾರೆ, ಗ್ಯಾಸ್ ಬಿಲ್ ಒಂದು ತಿಂಗಳು ತಪ್ಪಿದೆ, ಬಾಡಿಗೆ ಎರಡು ಹೆಸರಿಗೆ ಹೋಗುತ್ತಿದೆ. ಇದನ್ನು ನೋಡಿ ಎಂದು ನಿಮಗೆ ಯಾರೂ ಹೇಳಿರುವುದಿಲ್ಲ. ನೋಡುತ್ತಾ ನೋಡುತ್ತಾ ಕಣ್ಣಿಗೆ ಬೀಳುತ್ತದೆ. ಮುಂದೆ ಆಡಿಟ್‌ನಲ್ಲಿ 'ಇದೇನೋ ಸರಿಯಿಲ್ಲ' ಎಂದು ಅನ್ನಿಸುವುದು ಈ ಬುನಾದಿಯ ಮೇಲೆ.

ಮೂರು ನಾಲ್ಕು ಕ್ಲೈಂಟ್‌ಗಳ ಒಂದೊಂದು ತಿಂಗಳದ್ದು ಕೈಯಲ್ಲಿ ಮಾಡಿ. ಆಮೇಲೆ ಸಾಫ್ಟ್‌ವೇರ್ ಬಳಸಿ, ನಾನು ಬೇಡ ಅನ್ನುವುದಿಲ್ಲ. ಪರೀಕ್ಷೆಯ ಮಾತನ್ನೂ ನೆನಪಿಡಿ. ಸಿಎ ಪರೀಕ್ಷಾ ಕೋಣೆಗೆ 12 ಅಂಕಿಯ ಸಾದಾ ಕ್ಯಾಲ್ಕುಲೇಟರ್ ಒಯ್ಯಬಹುದು, ಫೋನ್ ಒಯ್ಯುವಂತಿಲ್ಲ.

ಹೊಸಬರಿಗೇ ಎಐಯಿಂದ ಜಾಸ್ತಿ ಲಾಭ ಅಂತ ಓದಿದೆ. ಮತ್ತೆ ಹೊಸಬರು ಹುಷಾರಾಗಿರಿ ಅಂತ ನೀವು ಹೇಳುವುದೇಕೆ?

ನೀವು ಓದಿದ್ದು ಸರಿ. ಅಮೆರಿಕದ ಆರ್ಥಿಕ ತಜ್ಞ ಎರಿಕ್ ಬ್ರಿನ್‌ಯಾಲ್ಫ್‌ಸನ್ ಮತ್ತು ಅವರ ಜೊತೆಗಾರರು ಗ್ರಾಹಕ ಸೇವೆಯ 5,000ಕ್ಕೂ ಹೆಚ್ಚು ಜನರ ಕೆಲಸ ನೋಡಿದರು. 2023ರಲ್ಲಿ ಮೊದಲು ಪ್ರಕಟವಾದಾಗ ಅವರ ಲೆಕ್ಕದಂತೆ ಎಐ ಸಲಹೆ ಸಿಕ್ಕವರ ಕೆಲಸ ಸರಾಸರಿ 14% ಹೆಚ್ಚಿತ್ತು. ಹೊಸಬರದ್ದು 34%. ಪಳಗಿದವರಿಗೆ ಹೆಚ್ಚುಕಡಿಮೆ ಏನೂ ವ್ಯತ್ಯಾಸವಿಲ್ಲ.

ಅದರಲ್ಲಿ ಜನ ಗಮನಿಸದ ಒಂದು ಭಾಗ ಇದೆ. ನಡುವೆ ಎಐ ಕೆಟ್ಟು ನಿಂತಾಗಲೂ, ಅದನ್ನು ಬಳಸಿ ಪಳಗಿದವರು ಮೊದಲಿಗಿಂತ ಚೆನ್ನಾಗಿಯೇ ಕೆಲಸ ಮಾಡಿದರು. ಅಂದರೆ ಅವರು ಕಲಿತಿದ್ದರು. ಮಕ್ಕಳ ಹೋಮ್‌ವರ್ಕ್ ಪ್ರಶ್ನೆಯಲ್ಲಿ ಹೇಳಿದ ಟರ್ಕಿಯ ಗಣಿತದ ಪ್ರಯೋಗದಲ್ಲಿ ಎಐ ತೆಗೆದಾಗ ಮಕ್ಕಳು ಕೆಳಗೆ ಬಿದ್ದರು, ಇಲ್ಲಿ ಬೀಳಲಿಲ್ಲ. ನನಗೆ ತೋಚುವ ಕಾರಣ ಇದು: ಗ್ರಾಹಕ ಸೇವೆಯವರಿಗೆ ಎಐ ಸಲಹೆ ಮಾತ್ರ ಕೊಡುತ್ತಿತ್ತು. ಅದನ್ನು ಓದಿ, ಬೇಕಾದ್ದು ಆರಿಸಿ, ಎದುರಿನ ಗ್ರಾಹಕನಿಗೆ ಉತ್ತರಿಸುವುದು ಅವರದೇ ಕೆಲಸ. ಉತ್ತರ ಹೊಂದಿತಾ ಇಲ್ಲವಾ ಎಂದು ಕೂಡಲೇ ಗೊತ್ತಾಗುತ್ತಿತ್ತು. ಆ ಕಚೇರಿಯ ಅತಿ ಚುರುಕಿನವರು ಹೇಗೆ ಉತ್ತರಿಸುತ್ತಾರೆ ಎಂಬುದನ್ನು ಅವರು ದಿನವಿಡೀ ನೋಡಿದಂತಾಯಿತು. ನೀವೂ ಹಾಗೆ ಬಳಸಿದರೆ ಒಳ್ಳೆಯದೇ. ಕಾಪಿ ಮಾಡಿ ಅಂಟಿಸಿ ಕಳಿಸಿದರೆ ಆ ಲಾಭ ನಿಮಗೆ ಸಿಗುವುದಿಲ್ಲ.

ಪುಣೆಯ ಹಿಂಜೆವಾಡಿಯಲ್ಲಿ ಐಟಿ ಫ್ರೆಶರ್ ನಾನು. ಕೋಡ್ ಎಐ ಬರೆಯುತ್ತೆ, ಕೆಲಸ ಫಾಸ್ಟ್ ಆಗ್ತಿದೆ. ಇದರಲ್ಲೇನು ತಪ್ಪು?

ಫಾಸ್ಟ್ ಆಗ್ತಿದೆ ಎಂದು ಅನ್ನಿಸುವುದು ಬೇರೆ, ಆಗುವುದು ಬೇರೆ. 2025ರಲ್ಲಿ ಎಂಇಟಿಆರ್ ಎಂಬ ಸಂಸ್ಥೆ 16 ಅನುಭವಿ ಪ್ರೋಗ್ರಾಮರ್‌ಗಳಿಗೆ ಅವರದೇ ಪ್ರಾಜೆಕ್ಟ್‌ನ 246 ಕೆಲಸ ಕೊಟ್ಟು ನೋಡಿತು. ಎಐಯಿಂದ 24% ಸಮಯ ಉಳಿಯುತ್ತದೆ ಎಂದು ಅವರು ಅಂದುಕೊಂಡಿದ್ದರು. ಮುಗಿದ ಮೇಲೂ 20% ಉಳಿಯಿತು ಅಂದರು. ಗಡಿಯಾರದ ಪ್ರಕಾರ 19% ಜಾಸ್ತಿ ಸಮಯ ಹಿಡಿದಿತ್ತು. ಅವರು ಅನುಭವಿಗಳು, ಹಳೆಯ ದೊಡ್ಡ ಕೋಡು, ಟೂಲ್‌ಗಳು 2025ರ ಆರಂಭದವು. ನಿಮ್ಮ ಸ್ಥಿತಿ ಬೇರೆ ಇರಬಹುದು. ಆದರೆ ಸ್ವಂತ ಅಂದಾಜನ್ನು ನಂಬಬೇಡಿ.

ನಾನು ಪ್ರೋಗ್ರಾಮರ್ ಅಲ್ಲ, ಆದರೆ ಕಲಿಯುವವರ ಜೊತೆ ಕೆಲಸ ಮಾಡಿ ಗೊತ್ತಿರುವುದನ್ನು ಹೇಳುತ್ತೇನೆ. ಬಗ್ ಬಂದಾಗ ಎರರ್ ಮೆಸೇಜನ್ನು ಎಐಗೆ ಅಂಟಿಸುವ ಮೊದಲು, ತಪ್ಪು ಎಲ್ಲಿರಬಹುದು ಎಂದು ಒಂದು ಸಾಲು ಬರೆದಿಡಿ. ಆಮೇಲೆ ಕೇಳಿ. ನಿಮ್ಮ ಊಹೆ ಎಷ್ಟು ಸಲ ಸರಿಹೋಗುತ್ತದೆ ಎಂದು ತಿಂಗಳ ಕೊನೆಗೆ ನೋಡಿ. ಸರಿಹೋಗುವುದು ಹೆಚ್ಚುತ್ತಿದ್ದರೆ ನೀವು ಕಲಿಯುತ್ತಿದ್ದೀರಿ.

## ಅನುಭವಿಗಳು, ಮಾಲೀಕರು, ಮೇಲಧಿಕಾರಿಗಳು

ಮಾರಾಯ್ರೇ, ಜಿಎಸ್‌ಟಿ ಪ್ರಶ್ನೆ ಕೇಳಿದರೆ ಫೋನೇ ಪಟಪಟ ಹೇಳುತ್ತದೆ. ನಿಮ್ಮ ಕಚೇರಿಗೆ ಯಾಕೆ ಬರಬೇಕು?

ಬರದೆಯೂ ಆಗುವ ಕೆಲಸಗಳಿವೆ, ಅವಕ್ಕೆ ಬರಬೇಡಿ. ಆದರೆ ಒಂದು ಉದಾಹರಣೆ ನೋಡಿ. 'ಹೋಟೆಲಿನ ಅಡುಗೆಮನೆಗೆ ಹೊಸ ಗ್ರೈಂಡರ್ ತಂದೆ, ಅದರ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಹೊಂದಿಸಿಕೊಳ್ಳಬಹುದಾ?' ಎಂದು ಕೇಳಿದರೆ, ವ್ಯಾಪಾರಕ್ಕೆ ತಂದ ವಸ್ತುವಿಗೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ಜಿಎಸ್‌ಟಿಯ ಹೊಂದಾಣಿಕೆ) ಸಿಗುತ್ತದೆ ಎಂಬ ಸಾಮಾನ್ಯ ನಿಯಮ ಬಂದರೆ ಆಶ್ಚರ್ಯವಿಲ್ಲ. ನಿಯಮ ಸರಿಯೇ. ಆದರೆ ನಿಮ್ಮಂತೆ 5% ತೆರಿಗೆ ಹಾಕುವ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಹಾಗೆಯೇ, 2022ರ ಜನವರಿಯಿಂದ ಫುಡ್ ಡೆಲಿವರಿ ಆ್ಯಪ್ ಮೂಲಕ ಹೋಗುವ ಊಟದ ಜಿಎಸ್‌ಟಿಯನ್ನು ಆ್ಯಪ್‌ನವರೇ ಕಟ್ಟುತ್ತಾರೆ. ಅದನ್ನು ನೀವೂ ಸೇರಿಸಿ ಕಟ್ಟಿದರೆ ಎರಡು ಸಲ ಕಟ್ಟಿದಂತೆ. ತುಪ್ಪ, ಬೆಣ್ಣೆಯ ದರ 12% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5% ಆಯಿತು. ಹಳೆಯ ಮಾಹಿತಿಯ ಮೇಲೆ ತಯಾರಾದ ಎಐ ಹಳೆಯ ದರವನ್ನೇ ಹೇಳೀತು.

'ನನ್ನದು 5%ನ ಹೋಟೆಲ್' ಎಂದು ಪ್ರಶ್ನೆಯಲ್ಲೇ ಸೇರಿಸಿದ್ದರೆ ಉತ್ತರ ಸರಿ ಬರುತ್ತಿತ್ತೇನೋ. ಆದರೆ ಅದನ್ನು ಸೇರಿಸಬೇಕು ಎಂದು ಗೊತ್ತಿರುವವರಿಗೆ ಅರ್ಧ ಉತ್ತರ ಆಗಲೇ ಗೊತ್ತಿರುತ್ತದೆ, ಅಲ್ವಾ? ಇಷ್ಟು ತಿಳಿವಳಿಕೆ ಮಾಲೀಕರಿಗೂ ಇರಬೇಕು ಎಂಬುದು ನನ್ನ ಆಸೆ. ನಮ್ಮ ಕಚೇರಿಯವರು ಹೇಳಿದ್ದನ್ನೂ ಸುಮ್ನೆ ಒಪ್ಪಬೇಡಿ, ಯಾಕೆ ಎಂದು ಕೇಳಿ.

ಮಡಗಾಂವ್‌ನಲ್ಲಿ ನರ್ಸ್ ಆಗಿದ್ದೇನೆ, 18 ವರ್ಷ ಆಯಿತು. ಕೈ ಪಳಗಿದವರಿಗೂ ಎಐ ಬಳಸಿದರೆ ಕೆಲಸ ಮರೆತು ಹೋಗುತ್ತದಾ?

ಹೋಗಬಹುದು ಎಂದೇ ಕಾಣುತ್ತದೆ. ನಿಮ್ಮ ವೈದ್ಯಕೀಯ ಕ್ಷೇತ್ರದಲ್ಲೇ ಒಂದು ಅಧ್ಯಯನ ಆಗಿದೆ. ಪೋಲೆಂಡ್‌ನ ನಾಲ್ಕು ಕೇಂದ್ರಗಳಲ್ಲಿ ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಮಾಡುವ ವೈದ್ಯರಿಗೆ ಎಐ ಕೊಟ್ಟರು. ದೊಡ್ಡ ಕರುಳಿನಲ್ಲಿ ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟುಗಳನ್ನು ಅದು ಪರದೆಯ ಮೇಲೆ ಗುರುತು ಹಾಕಿ ತೋರಿಸುತ್ತದೆ. ಎಐ ಬರುವ ಮೊದಲು ಈ ವೈದ್ಯರು 28.4% ಪರೀಕ್ಷೆಗಳಲ್ಲಿ ಗಂಟು ಪತ್ತೆ ಮಾಡುತ್ತಿದ್ದರು. ಎಐ ಬಂದ ಮೇಲೆ, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅದು 22.4%ಕ್ಕೆ ಇಳಿಯಿತು. ಕೆಲವೇ ತಿಂಗಳಲ್ಲಿ. ಇವರು ಹೊಸಬರಲ್ಲ, ಸಾವಿರಾರು ಪರೀಕ್ಷೆ ಮಾಡಿದವರು. 2025ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಸಮೂಹದ ವೈದ್ಯಕೀಯ ಪತ್ರಿಕೆಯಲ್ಲಿ ಇದು ಬಂತು. ಬೇರೆ ಕಾರಣಗಳೂ ಸೇರಿರಬಹುದು, ಒಂದೇ ಅಧ್ಯಯನದಿಂದ ತೀರ್ಮಾನಕ್ಕೆ ಬರಬಾರದು. ಆದರೂ ಕಡೆಗಣಿಸುವಂಥದ್ದಲ್ಲ.

ವಿಮಾನ ಹಾರಿಸುವವರಿಗೆ ಇದು ಹಳೆಯ ಪಾಠ. ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನದಲ್ಲಿ 2009ರ ಜೂನ್ 1ರಂದು ವೇಗ ಅಳೆಯುವ ಕೊಳವೆಗೆ ಮಂಜುಗಡ್ಡೆ ಕಟ್ಟಿತು, ಆಟೋಪೈಲಟ್ ತಾನಾಗಿ ಬಂದ್ ಆಯಿತು. ಕೈಯಲ್ಲಿ ಹಾರಿಸಬೇಕಾದ ಆ ಗಳಿಗೆಯಲ್ಲಿ ಏನಾಗುತ್ತಿದೆ ಎಂದು ಪೈಲಟ್‌ಗಳಿಗೆ ತಿಳಿಯಲಿಲ್ಲ. 228 ಜನ ಸತ್ತರು. 2013ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಇಲಾಖೆ, ಸೂಕ್ತ ಸಂದರ್ಭದಲ್ಲಿ ಪೈಲಟ್‌ಗಳು ಕೈಯಲ್ಲೇ ಹಾರಿಸುವಂತೆ ಪ್ರೋತ್ಸಾಹಿಸಿ ಎಂದು ಕಂಪನಿಗಳಿಗೆ ಸೂಚಿಸಿತು.

ನಿಮ್ಮ ವಾರ್ಡಿನಲ್ಲೂ ಹಾಗೆ ಮಾಡಬಹುದು. ಮಾನಿಟರ್ ನೋಡುವ ಮೊದಲು ರೋಗಿಯ ಮುಖ ನೋಡಿ, ನಾಡಿ ಹಿಡಿದು, ಹೇಗಿದ್ದಾರೆ ಎಂದು ಮನಸ್ಸಿನಲ್ಲೇ ಅಂದಾಜು ಮಾಡಿ. ಆಮೇಲೆ ಪರದೆ ನೋಡಿ. ನಿಮ್ಮ ಜೊತೆ ಕಲಿಯುವ ಹುಡುಗಿಯರಿಗೂ ಅದನ್ನೇ ಅಭ್ಯಾಸ ಮಾಡಿಸಿ.

ಎಐ ಮಾಡಲಿ, ಕೊನೆಗೆ ಮನುಷ್ಯರು ಒಮ್ಮೆ ಚೆಕ್ ಮಾಡಿದರೆ ಸಾಕಲ್ವಾ?

ಎಲ್ಲ ಮೀಟಿಂಗಿನಲ್ಲೂ ಕೇಳುವ ಮಾತು. ಇದಕ್ಕೆ ಉತ್ತರವನ್ನು 1983ರಲ್ಲೇ ಲಿಸಾನ್ ಬೈನ್‌ಬ್ರಿಡ್ಜ್ ಎಂಬ ಮನೋವಿಜ್ಞಾನಿ ಬರೆದಿದ್ದಾರೆ, ಕಾರ್ಖಾನೆಗಳ ಯಂತ್ರಗಳನ್ನು ನೋಡಿ. ದಿನನಿತ್ಯದ ಕೆಲಸ ಯಂತ್ರಕ್ಕೆ ಹೋಗುತ್ತದೆ. ಮನುಷ್ಯನಿಗೆ ಉಳಿಯುವುದು ನೋಡುತ್ತಾ ಕೂರುವುದು, ಅಪರೂಪಕ್ಕೆ ಯಂತ್ರ ಸೋತಾಗ ಕೈ ಹಾಕುವುದು. ಕೈ ಹಾಕಲು ಬೇಕಾದ ಅನುಭವ ಬರುವುದೇ ದಿನನಿತ್ಯದ ಕೆಲಸದಿಂದ. ಅದನ್ನು ಕೊಟ್ಟುಬಿಟ್ಟ ಮೇಲೆ ಚೆಕ್ ಮಾಡುವವರು ಎಲ್ಲಿಂದ ಬರಬೇಕು?

2023ರಲ್ಲಿ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಲಹಾ ಕಂಪನಿಯ 758 ಜನರ ಮೇಲೆ ಹಾರ್ವರ್ಡ್ ಮತ್ತಿತರ ಕಡೆಯ ಸಂಶೋಧಕರು ಪ್ರಯೋಗ ಮಾಡಿದರು. ಎಐಗೆ ಒಗ್ಗುವ ಕೆಲಸಗಳಲ್ಲಿ ಎಐ ಬಳಸಿದವರದು ವೇಗವೂ ಜಾಸ್ತಿ, ಗುಣಮಟ್ಟವೂ ಜಾಸ್ತಿ. ಎಐ ಎಡವುವಂತೆ ಬೇಕೆಂದೇ ಆರಿಸಿದ ಒಂದು ಕೆಲಸದಲ್ಲಿ ಮಾತ್ರ ಸರಿ ಉತ್ತರ ಕೊಟ್ಟವರ ಪ್ರಮಾಣ, ಎಐ ಇಲ್ಲದವರಿಗಿಂತ ಶೇಕಡಾ 19 ಅಂಶ ಕಡಿಮೆ ಇತ್ತು. ಅವರೂ ಉತ್ತರ ಓದಿ ಒಪ್ಪಿಯೇ ಕೊಟ್ಟಿದ್ದರು. ಮೈಕ್ರೋಸಾಫ್ಟ್ ಮತ್ತು ಕಾರ್ನೆಗಿ ಮೆಲನ್‌ನವರು 2025ರಲ್ಲಿ 319 ಉದ್ಯೋಗಿಗಳನ್ನು ಕೇಳಿದಾಗ, ಎಐ ಮೇಲೆ ನಂಬಿಕೆ ಜಾಸ್ತಿ ಇದ್ದವರು ಕಡಿಮೆ ವಿಮರ್ಶೆ ಮಾಡುವುದು ಕಂಡಿತು. ತಮ್ಮ ಮೇಲೆ ನಂಬಿಕೆ ಇದ್ದವರು ಜಾಸ್ತಿ ಮಾಡುತ್ತಿದ್ದರು.

ಚೆಕ್ ಮಾಡುವುದೇ ಆದರೆ ಎಐ ಉತ್ತರ ತೆರೆಯುವ ಮೊದಲು ನಿಮ್ಮ ಅಂದಾಜು ಬರೆದಿಟ್ಟುಕೊಳ್ಳಿ. ಮೊದಲೇ ಅದರ ಉತ್ತರ ನೋಡಿದರೆ ಎಲ್ಲ ಸರಿ ಎಂದೇ ಕಾಣುತ್ತದೆ.

ಹಾಗಾದರೆ ಯಾವ ಕೌಶಲ ಹೋದರೂ ಪರವಾಗಿಲ್ಲ, ಯಾವುದನ್ನು ಬಿಡಬಾರದು?

ಎಲ್ಲವನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಫೋನ್ ನಂಬರುಗಳನ್ನು ನೆನಪಿಡುವುದು ಬಿಟ್ಟೆವು. ಮನೆಯವರ ಒಂದೆರಡು ನಂಬರ್ ನೆನಪಿದ್ದರೆ ಸಾಕು. ಲಂಡನ್‌ನ ಟ್ಯಾಕ್ಸಿಯವರು ಲೈಸೆನ್ಸ್‌ಗಾಗಿ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ದಾರಿಯ ನೆನಪಿಗೆ ಬೇಕಾದ ಮೆದುಳಿನ ಭಾಗದ ಹಿಂಬದಿ ಅವರಲ್ಲಿ ದೊಡ್ಡದಿರುವುದನ್ನು ಎಲಿನಾರ್ ಮಗ್ವಾಯರ್ ತಂಡ 2000ದಲ್ಲಿ ತೋರಿಸಿತು. ಅದ್ಭುತವೇ. ಆದರೆ ಮಲಾಡ್‌ನಿಂದ ಚೆಂಬೂರ್‌ಗೆ ಹೋಗಲು ನಾನು ಮ್ಯಾಪ್ ಹಾಕುತ್ತೇನೆ, ಬೇಸರವಿಲ್ಲ.

ನಾನು ಕೇಳಿಕೊಳ್ಳುವುದು ಇದು: ಉತ್ತರ ತಪ್ಪಾದರೆ ಯಾರಿಗೆ ನಷ್ಟ, ಮತ್ತು ತಪ್ಪು ಎಂದು ನನಗೆ ಹೇಗೆ ತಿಳಿಯುತ್ತದೆ? ಸಹಿ ನನ್ನದಾಗಿದ್ದರೆ ಆ ಕೆಲಸ ನನಗೆ ಕೈಯಲ್ಲಿ ಬರಬೇಕು. ಇನ್ನೊಬ್ಬರ ದುಡ್ಡು, ದೇಹ, ಮಾನ ಅದರ ಮೇಲೆ ನಿಂತಿದ್ದರೆ ಇನ್ನೂ ಬೇಕು. ಜೊತೆಗೆ, ಮಾಡುವಾಗ ನಿಮಗೆ ಖುಷಿ ಕೊಡುವ ಕೆಲಸವನ್ನು ಯಂತ್ರಕ್ಕೆ ಕೊಡಬೇಡಿ. ಅದಕ್ಕೆ ಬೇರೆ ಕಾರಣ ಬೇಕಿಲ್ಲ.

ಬಾಸ್‌ಗೆ ಎಲ್ಲ ಬೇಗ ಬೇಕು. ಕಲಿಯಲು ಟೈಮ್ ಎಲ್ಲಿದೆ?

ಈ ದೂರು ನ್ಯಾಯವಾದದ್ದು. ಇದಕ್ಕೆ ಉತ್ತರ ಹೇಳಬೇಕಾದವರು ಕಲಿಯುವವರಲ್ಲ, ಮೇಲಿರುವವರು. 2023ರ ಜುಲೈನಿಂದ ಸಿಎ ಆರ್ಟಿಕಲ್‌ಶಿಪ್ ಮೂರು ವರ್ಷದ ಬದಲು ಎರಡೇ ವರ್ಷ ಆಗಿದೆ. ಆ ಎರಡು ವರ್ಷದಲ್ಲಿ ಹುಡುಗರಿಂದ ಎಐ ಔಟ್‌ಪುಟ್ ಫಾರ್ವರ್ಡ್ ಮಾಡಿಸಿಕೊಂಡರೆ, ಐದು ವರ್ಷದ ನಂತರ ನಮ್ಮ ಫೈಲ್ ನೋಡಲು ಯಾರೂ ಇರುವುದಿಲ್ಲ. ತಮ್ಮ ಸೀನಿಯರ್ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟದ್ದರಿಂದಲೇ ಈಗಿನ ಬಾಸ್‌ಗಳಿಗೂ ಕೆಲಸ ಬಂದದ್ದು.

ಹೆಚ್ಚು ಸಮಯವೇನೂ ಬೇಡ. ಹೊಸಬರಿಗೆ ಒಂದು ಸಣ್ಣ ಕ್ಲೈಂಟ್ ಪೂರ್ತಿ ಕೈಯಲ್ಲಿ ಮಾಡಲು ಕೊಡಿ. ಸಣ್ಣ ಹೋಟೆಲೋ, ಹಾರ್ಡ್‌ವೇರ್ ಅಂಗಡಿಯೋ ಸಾಕು. ಅವರು ತಂದ ಕೆಲಸ ನೋಡುವಾಗ 'ಸರಿಯಾ?' ಎಂದು ಕೇಳಬೇಡಿ, 'ಇದು ಹೇಗೆ ಗೊತ್ತಾಯಿತು?' ಎಂದು ಕೇಳಿ. 'ಎಐ ಹೇಳಿತು' ಎಂಬ ಉತ್ತರ ಬಂದರೆ ಬೈಯಬೇಡಿ. ಪಕ್ಕದಲ್ಲಿ ಕೂರಿಸಿ, ಆ ಒಂದು ಎಂಟ್ರಿಯ ಬಿಲ್ ತೆಗೆಸಿ, ಅವರ ಕೈಯಿಂದಲೇ ಹುಡುಕಿಸಿ. ರಿಟರ್ನ್, ಆಡಿಟ್ ಒತ್ತಡದ ಜುಲೈನಿಂದ ಅಕ್ಟೋಬರ್‌ವರೆಗೆ ಇದು ನಡೆಯುವುದಿಲ್ಲ, ಆಗ ಬಿಟ್ಟುಬಿಡಿ. ದೀಪಾವಳಿ ಕಳೆದು ಕಚೇರಿ ಸ್ವಲ್ಪ ಶಾಂತವಾದ ಮೇಲೆ ಶುರು ಮಾಡಿದರೆ ಮಾರ್ಚ್‌ಗೆ ಮೊದಲು ನಾಲ್ಕು ತಿಂಗಳು ಸಿಗುತ್ತದೆ.